ಕಲ್ಲುನಾಯಿಯ ಕಿವಿ

ಅಂಗಡಿಯ ಹಿಂದಿನ ಕೋಣೆಯಿಂದ
ತಾರೀಖು ಹನ್ನೆರಡು, ಮಂಗಳವಾರ ಮಧ್ಯಾಹ್ನ

ನನ್ನ ಚಿನಕುರಳಿ ಮಗಳಿಗೆ,

ಹೇಗಿದ್ದೀಯೇ? ಹೊತ್ತುಹೊತ್ತಿಗೆ ಊಟ ಮಾಡುತ್ತೀಯೋ, ಇಲ್ಲ ಅಲ್ಲೂ ಪರದೆಯ ಮುಂದೆ ಕೂತು ತಟ್ಟೆ ಒಣಗಿಸುತ್ತೀಯೋ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ. ಕೇಳಿದರೆ “ಏನಿಲ್ಲಮ್ಮ, ಧೂಳು” ಎಂದೆ. ನಿನ್ನ ಧೂಳು ನನಗೆ ಗೊತ್ತಿಲ್ಲವೇ! ಬಿಸಿನೀರು ಕುಡಿ, ಕಿವಿ ಮುಚ್ಚಿಕೊಂಡು ಓಡಾಡು. ನನ್ನ ಮಂಡಿ ಹಾಗೇ ಇದೆ, ಹೊಲಿಗೆ ಯಂತ್ರ ತುಳಿದರೂ ಬೈಯುತ್ತದೆ, ತುಳಿಯದಿದ್ದರೂ ಬೈಯುತ್ತದೆ. ಫೋನಿನಲ್ಲಿ “ಅಪ್ಪ” ಎನ್ನುವ ಮಾತು ಬಂದ ಕೂಡಲೇ ನೀನು “ಆಮೇಲೆ ಮಾಡ್ತೀನಮ್ಮ” ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಅರ್ಧಕ್ಕೆ ಬಿಟ್ಟರೂ ಮೇಜಿನ ಮೇಲೆ ಬಿದ್ದಿರುತ್ತದೆ, ಮತ್ತೆ ಕೈಗೆ ಸಿಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ದಮ್ಮಯ್ಯ, ಪೂರ್ತಿ ಓದು.

ನಿಮ್ಮಪ್ಪನಿಗೆ ಮರೆವಿನ ಕಾಯಿಲೆ ಎಂದು ಹೋದ ವರ್ಷವೇ ಹೇಳಿದ್ದೆ. “ನನ್ನ ವಿಷಯದಲ್ಲಿ ಅವರಿಗೆ ಯಾವಾಗಮ್ಮ ನೆನಪಿತ್ತು” ಎಂದು ನೀನು ಕೊಂಕಾಡಿದೆ. ಆಗ ಚಾವಿ, ಚಪ್ಪಲಿ, ಬೀದಿಯ ಹೆಸರು ಮರೆಯುತ್ತಿದ್ದರು. ಈಗ ನನ್ನನ್ನೇ ಮರೆಯುತ್ತಾರೆ. ಅಂಗಡಿ ಮುಚ್ಚಿದ್ದರೂ ಬೆಳಗಾದರೆ ಸ್ನಾನ ಮಾಡಿ, ಬಿಚ್ಚಿಟ್ಟ ಟಿವಿಗಳ ನಡುವೆ ತಮ್ಮ ಎತ್ತರದ ಸ್ಟೂಲಿನ ಮೇಲೆ ಕೂರುತ್ತಾರೆ. ನಾನು ಚಹಾ ತಂದರೆ ಎದ್ದು ನಿಂತು, “ನಿಮ್ಮದು ಇನ್ನೂ ಆಗಿಲ್ಲಮ್ಮ, ಶುಕ್ರವಾರ ಬನ್ನಿ” ಎನ್ನುತ್ತಾರೆ. ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೆ ನಾನು ಗಿರಾಕಿ. ಅಷ್ಟು ಮರ್ಯಾದೆಯಿಂದ ಅವರು ನನ್ನನ್ನು ಯಾವತ್ತೂ ಮಾತಾಡಿಸಿದವರಲ್ಲ.

ಒಂದೇ ಒಂದು ಮಾತ್ರ ಅವರಿಗೆ ಮರೆತಿರಲಿಲ್ಲ. ಟಿವಿಗೆ ಜೋಡಿಸಿ ಆಡುವ ನಿಮ್ಮಿಬ್ಬರ ಆ ಹಾಳು ‘ಬಿಳಿ ಕೋಟೆ’ ವಿಡಿಯೋ ಆಟ. ಯಾರೋ ರಿಪೇರಿಗೆ ಕೊಟ್ಟು ವಾಪಸು ಒಯ್ಯದೇ ಹೋದ ಯಂತ್ರದಲ್ಲಿ ಅದರ ಮೊದಲ ಭಾಗ ಸಿಕ್ಕಿದಾಗ ನಿನಗೆ ಹಲ್ಲು ಬಿದ್ದ ವಯಸ್ಸು. ಆಮೇಲೆ ಒಂದೊಂದಾಗಿ ಒಂಬತ್ತು ಭಾಗ ಬಂದವು, ಒಂಬತ್ತನ್ನೂ ಅಪ್ಪ ಮಗಳು ಭುಜಕ್ಕೆ ಭುಜ ಕೊಟ್ಟು ಆಡಿದಿರಿ. ಆಟ ಬಂದ ಕ್ರಮ ಬೇರೆ, ಒಳಗಿನ ಕಥೆ ನಡೆದ ಕ್ರಮ ಬೇರೆ ಎನ್ನುವುದು ನನ್ನ ಮಂದಬುದ್ಧಿಗೆ ಹೊಳೆಯುವಷ್ಟರಲ್ಲಿ ನೀವು ಅದರ ಮೇಲೆ ಕತ್ತಿ ಮಸೆಯಲು ಶುರುಮಾಡಿದ್ದಿರಿ. ಐದನೇ ಭಾಗದ ಕಥೆ ಎಲ್ಲಕ್ಕಿಂತ ಮೊದಲು ನಡೆದದ್ದು ಎಂದು ಅವರು. ಅಲ್ಲಿ ಕೋಟೆಯ ಗೋಪುರವನ್ನು ಇನ್ನೂ ಕಟ್ಟುತ್ತಿದ್ದಾರಲ್ಲ! ಅಲ್ಲವೇ ಅಲ್ಲ, ಅದೇ ಎಲ್ಲಕ್ಕಿಂತ ಕೊನೆಯದು, ಗೋಪುರ ಬಿದ್ದು ಮತ್ತೆ ಕಟ್ಟುತ್ತಿದ್ದಾರೆ ಎಂದು ನೀನು. ನಿನ್ನ ಸಾಕ್ಷಿ, ಆ ಐದನೇ ಭಾಗದ ಕೋಟೆಯಂಗಳದಲ್ಲಿರುವ ಒಂದೇ ಕಿವಿಯ ಕಲ್ಲುನಾಯಿ. ಮೊದಲ ಭಾಗದ ವೀರನ ನಾಯಿಗೆ ರಾಕ್ಷಸನ ಏಟಿಗೆ ಒಂದು ಕಿವಿ ಹೋಗಿತ್ತು, ಜನ ಅದರ ನೆನಪಿಗೇ ವಿಗ್ರಹ ಮಾಡಿಸಿದರು ಎಂದು ನೀನು ಆಟದ ಅಭಿಮಾನಿಗಳ ಪುಟದಲ್ಲಿ ಎಷ್ಟು ಚೆಂದದ ಲೇಖನ ಬರೆದೆ. ಅದರ ಕೆಳಗೆ ಸಾವಿರ ಜನರ ಎದುರು ಅವರು ಬರೆದ ಮಾತು ನನಗೆ ಬಾಯಿಪಾಠ: “ಕಿವಿ ಮುರಿದ ಕಲ್ಲು ಬರೀ ಮುರಿದ ಕಲ್ಲು. ಇದನ್ನು ಬರೆದವಳಿಗೆ ಆಡಲು ಕಲಿಸಿದವನು ನಾನೇ, ಎಲ್ಲರೂ ಕ್ಷಮಿಸಿ.” ಜನ ನಕ್ಕರು. ನೀನು ಚೀಲ ತುಂಬಿದೆ. “ಐದನೇದೇ ಕೊನೇದು, ನಂದೇ ತಪ್ಪು ಅಂತ ಅವರ ಬಾಯಲ್ಲಿ ಬರಲಿ, ಅಲ್ಲೀವರೆಗೂ ಈ ಹೊಸ್ತಿಲು ತುಳಿಯಲ್ಲ” ಎಂದು ಹೋದೆ. ಅವರೋ, ಜಗ್ಗುವ ಆಸಾಮಿಯೇ? ಇಬ್ಬರ ಹಠದ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದೆ.

ಅವರನ್ನು ಹೇಗಾದರೂ ಮಾತಿಗೆ ಎಳೆಯುತ್ತಿರಿ ಎಂದು ಡಾಕ್ಟರಮ್ಮ ಹೇಳಿದರು. ಹವಾ, ತರಕಾರಿ, ನೆಂಟರು, ಯಾವುದಕ್ಕೂ ಅವರು ತಲೆ ಎತ್ತಲಿಲ್ಲ. ಕೊನೆಗೆ ನಿನ್ನ ಪಕ್ಷ ಹಿಡಿದೆ. ನಂಬುತ್ತೀಯಾ, ಆಟವನ್ನೂ ಆಡಿದೆ! ಮೊದಲ ಸೇತುವೆಯ ಮೇಲಿಂದ ಬಿದ್ದು ಬಿದ್ದು ಆ ವೀರನ ಸೊಂಟ ಮುರಿದಿರಬೇಕು ಪಾಪ. ಚಹಾ ಇಟ್ಟು, “ಅಲ್ಲಾ ರೀ, ಆ ನಾಯಿ ಅದೇ ನಾಯಿ” ಎಂದು ಕೆಣಕುತ್ತಿದ್ದೆ. ಮಂಕು ಕವಿದ ಮುಖಕ್ಕೆ ಸರ್ರನೆ ರಕ್ತ ಏರುತ್ತಿತ್ತು. “ನಿಂಗೇನು ತಲೆ ಕೆಟ್ಟಿದೆಯೇನೇ? ಗೋಪುರ ಅರ್ಧಕ್ಕೆ ನಿಂತಿದೆ, ಕಣ್ಣು ಕಾಣಲ್ವಾ? ಥೇಟ್ ನಿನ್ನ ಮಗಳ ಹಾಗೇ ವಾದ ಮಾಡ್ತೀಯ!” ಕೇಳಿಸಿತೇ? ನಿನ್ನ ಮಗಳು. ಆ ಜಗಳ ನಡೆಯುವಷ್ಟು ಹೊತ್ತು ನಾನು ಹೆಂಡತಿಯಾಗಿರುತ್ತಿದ್ದೆ, ನೀನು ಮಗಳಾಗಿರುತ್ತಿದ್ದೆ. ಆ ಬೈಗುಳಕ್ಕಾಗಿ ನಾನು ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಹೋದ ವಾರ ಎಂದಿನಂತೆ ಕೆಣಕಿದೆ. ಅವರು ಸುಮ್ಮನೆ ಕೇಳಿಸಿಕೊಂಡು, “ಹೌದಲ್ವಾ, ಒಂದೇ ಕಿವಿ. ನೀವು ಹೇಳಿದ್ದೇ ಸರಿಯಮ್ಮ” ಎಂದರು. “ಹಾಗಾದ್ರೆ ಐದನೇದೇ ಕೊನೇದಾ?” ಎಂದೆ. “ಇರಬಹುದು” ಎಂದರು. “ಇಲ್ಲ, ಅದೇ ಮೊದಲ್ನೇದು!” ಎಂದು ಕೂಗಿದೆ. “ಅದೂ ಸರಿಯೇ” ಎಂದರು. ಬಾಯಿಗೆ ಬಂದದ್ದೆಲ್ಲ ಹೇಳಿದೆ, ಒಂಬತ್ತನ್ನು ಎರಡಕ್ಕೂ ಮೂರಕ್ಕೂ ನಡುವೆ ತುರುಕಿದೆ, ಎಲ್ಲಕ್ಕೂ ತಲೆಯಾಡಿಸಿದರು. ನನಗೆ ದುಃಖ ತಡೆಯಲಾಗಲಿಲ್ಲ, ಅಲ್ಲೇ ನೆಲದ ಮೇಲೆ ಕೂತು ಹೋ ಎಂದು ಅತ್ತೆ. ಅವರು ಗಾಬರಿಯಾಗಿ ಬಗ್ಗಿ, “ಅಳಬೇಡಿ, ನಿಮ್ಮದನ್ನೇ ಮೊದಲು ಮಾಡಿಕೊಡ್ತೀನಿ” ಎಂದು ಸಮಾಧಾನ ಮಾಡಿದರು. ಆವತ್ತಿನಿಂದ ದಿನವೂ ಪ್ರಯತ್ನಪಟ್ಟಿದ್ದೇನೆ. ಆ ಸಿಟ್ಟು ಮತ್ತೆ ಬಂದಿಲ್ಲ.

ನೀನು ಕಾಯುತ್ತಿದ್ದ ಮಾತು ಅವರ ಬಾಯಿಂದ ಬಂದಾಯಿತು ಮಗಳೇ. ನೀನು ಗೆದ್ದೆ. ಈ ಗೆಲುವನ್ನು ತೆಗೆದುಕೊಂಡು ಏನು ಮಾಡುತ್ತೀಯೋ ನನಗೆ ತಿಳಿಯದು. ರಾಜಿ ಮಾಡಿಕೊಳ್ಳಲು ಬಾ ಎಂದು ನಾನು ಕರೆಯುತ್ತಿಲ್ಲ, ಜಗಳಕ್ಕೆ ಬಾ. ನನ್ನದು ಎರವಲು ಜಗಳ, ನಿನ್ನ ಖಾರ ಅದರಲ್ಲಿಲ್ಲ. ನಿನ್ನ ದನಿಗೆ ಅವರು ಒಮ್ಮೆ ಸಿಡಿದೆದ್ದಾರು ಎನ್ನುವ ಆಸೆ. ಏಳುವುದಿಲ್ಲ ಎಂದೇ ನನ್ನ ಒಳಮನಸ್ಸು ಹೇಳುತ್ತದೆ, ನಿನ್ನ ಹತ್ತಿರ ಸುಳ್ಳು ಯಾಕೆ ಹೇಳಲಿ? ಆದರೂ ಬಾ. ಒಬ್ಬಳಿಂದ ಆಗುತ್ತಿಲ್ಲ ಕಣೇ.

ನೀನು ಎಲ್ಲಿದ್ದರೂ ನಿನ್ನ ಹೊಟ್ಟೆ, ನೆತ್ತಿ ತಣ್ಣಗಿರಲಿ.

ನಿನ್ನನ್ನು ಹೆತ್ತ ತಪ್ಪಿಗೆ ಇಷ್ಟುದ್ದ ಬರೆದ,
ಅಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ನೀನು ಬಂದಾಗ ಬಾಗಿಲಲ್ಲೇ ಗೊತ್ತಾಗುವ ಬದಲು ಈಗಲೇ ಗೊತ್ತಾಗಲಿ. ಸಿಟ್ಟಾದರೂ ಬರಲಿ ಎಂದು ಈಗ ತಾನೇ ನಿನ್ನ ಲೇಖನವನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಕೈಕಟ್ಟಿ ಕೂತು ಕೇಳಿದರು. “ಎಷ್ಟು ಸೂಕ್ಷ್ಮವಾಗಿ ನೋಡಿದ್ದಾಳೆ! ನಂಗೆ ಹೊಳೀಲೇ ಇಲ್ಲ. ಯಾರ ಮಗಳಮ್ಮ ಇವಳು?” ಎಂದರು. ನಿಮ್ಮ ಮಗಳೇ ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕುಬಿಟ್ಟರು. “ನಂಗೆಲ್ಲಿ ಅಂಥ ಅದೃಷ್ಟ” ಎಂದರು.