ಹನ್ನೊಂದು ಅಡಿ ಕೆರೆಮಣ್ಣು

ಬುಕ್ಕಾಂಬುಧಿ
೨೦-೯-೧೯೬೧

ಪ್ರೀತಿಯ ಯಜಮಾನರಿಗೆ ರಂಗನಾಯಕಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಮನುಷ್ಯರ ಮಟ್ಟಿಗೆ ಈ ಮಾತು ನಿಜ. ಅಮ್ಮನ ಕಣ್ಣಿನ ಪೊರೆ ಇನ್ನಷ್ಟು ಬಲಿತಿದೆ, ಆದರೂ ಒಲೆಯ ಮುಂದೆ ನನ್ನನ್ನು ಕೂರಗೊಡುವುದಿಲ್ಲ. ಪ್ರತಿ ಪತ್ರದಲ್ಲೂ ಮಣ್ಣು ಹೇಗಿದೆ ಎಂದೇ ಮೊದಲು ಕೇಳುತ್ತೀರಿ. ಮುಂದಿನದನ್ನು ದಯವಿಟ್ಟು ಕೂತು ಓದಿ.

ಬೇಸಗೆಯಲ್ಲಿ ನೀವು ಬತ್ತಿದ ಕೆರೆಯಂಗಳಕ್ಕೆ ಕೊಳವೆ ಇಳಿಸಿ ತೆಗೆದ ಹನ್ನೊಂದು ಅಡಿ ಮಣ್ಣಿನ ದಿಂಡು ಈಗ ಇಲ್ಲ. ಅದನ್ನು ಮಲಗಿಸಿದ್ದ ಬಿದಿರ ಸೀಳುಗಳು ಮಾತ್ರ ಸೌದೆ ಕೋಣೆಯಲ್ಲಿವೆ.

ಈ ಸಲ ಮಳೆ ಹೇಗೆ ಹೊಡೆಯಿತೆಂದರೆ ಆಷಾಢದಲ್ಲೇ ಕೆರೆ ಕೋಡಿ ಬಿತ್ತು. ಗೌರಿ ಮಾಡಲು ಹಿಡಿ ಕೆರೆಮಣ್ಣು ಯಾರಿಗೂ ಸಿಗಲಿಲ್ಲ. ಹಬ್ಬಕ್ಕೆ ಮುಂಚೆ ನಾನು ಎರಡು ದಿನ ಕಡೂರಿಗೆ, ತವರಿಗೆ ಹೋಗಿದ್ದೆ. ಅಮ್ಮ ಸೌದೆಗೆಂದು ಹೋದವರು ದಿಂಡಿಗೆ ಸುತ್ತಿದ್ದ ಒದ್ದೆ ಗೋಣಿ ಬಿಚ್ಚಿ ಮುಟ್ಟಿ ನೋಡಿದ್ದಾರೆ. ಒಂದು ಹರಳಿಲ್ಲದ, ಬೆಣ್ಣೆಯಂಥ ಮಣ್ಣು. ಹಬ್ಬಕ್ಕೆ ಬರಲಾಗದ ಮಗ ತಮ್ಮ ಗೌರಿಗೆಂದೇ ತಂದು, ಒಣಗದ ಹಾಗೆ ಸುತ್ತಿಟ್ಟಿದ್ದಾನೆ ಎಂದುಕೊಂಡರು. ನಮ್ಮ ಮನೆಗೆ ಗೌರಿ ಮಾಡಿ ಉಳಿದದ್ದನ್ನು ಕೇರಿಗೆಲ್ಲ ಹಂಚಿದರು. ಪಕ್ಕದ ಮನೆಯ ಹಾಲಮ್ಮನ ಹತ್ತಿರ, “ನಮ್ಮ ದತ್ತು ಬೇಸಿಗೇಲೇ ತಂದಿಟ್ಟು ಹೋಗಿದಾನೆ ಕಣೇ, ನಂಗೊಂದು ಮಾತೂ ಹೇಳ್ದೆ” ಎಂದರಂತೆ. ಈಗಲೂ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ. ಅವರ ಮುಂದೆ ನಾನು ಹೇಗೆ ಬಾಯಿ ಬಿಡಲಿ?

ಆ ದಿಂಡನ್ನು ಸೀಳಿ ನೀವು ತೋರಿಸಿದ್ದು ನೆನಪಿದೆ. ದಪ್ಪ ಕೆಂಪು ಗೆರೆ ಮಳೆಗಾಲದ ಹೊಸನೀರು ತಂದದ್ದು, ತೆಳು ಕಪ್ಪು ಗೆರೆ ನೀರು ನಿಂತ ಬೇಸಗೆಯದು, ಎರಡೂ ಸೇರಿದರೆ ಒಂದು ವರ್ಷ. ಒಂದು ಕಡೆ ಕಪ್ಪಿನ ಮೇಲೆ ಕಪ್ಪು, ನಡುವೆ ಕೆಂಪು ಕೂದಲೆಳೆಯಷ್ಟು. ನಾಲ್ಕು ವರ್ಷ ಮಳೆ ಕೈಕೊಟ್ಟಿದೆ ಎಂದಿರಿ. ಆಗ ಇಲ್ಲಿದ್ದ ಹೆಂಗಸರು ಏನು ಬೇಯಿಸಿದರೋ ಎಂದೆ. ಅದು ಮಣ್ಣಿನಲ್ಲಿ ಸಿಗುವುದಿಲ್ಲ ಎಂದು ನಕ್ಕಿರಿ. ಶನಿವಾರ ಗೌರಿಯನ್ನು ಕೆರೆಗೆ ಬಿಟ್ಟೆವು. ಆ ನಾಲ್ಕು ವರ್ಷವೂ ಉಳಿದ ಎಲ್ಲ ವರ್ಷಗಳೂ ಒಟ್ಟಿಗೆ ಕರಗಿದವು. ನಾನು ದಡದಲ್ಲಿ ನಿಂತು ನೋಡಿದೆ.

ನೀವು ಎಣಿಸಿ ಬರೆದುಕೊಂಡದ್ದು ಮೇಲಿನ ಮೂರೇ ಅಡಿ. ಡಿಸೆಂಬರಿನೊಳಗೆ ಥೀಸಿಸ್ ಕೊಡದಿದ್ದರೆ ಮೂರು ವರ್ಷದ ಓದು ಅಲ್ಲಿಗೇ ನಿಲ್ಲುತ್ತದೆಂದು ನನಗೆ ಗೊತ್ತು. ಮತ್ತೆ ಕೊಳವೆ ಇಳಿಸಬೇಕಾದರೆ ಕೆರೆ ಬತ್ತಬೇಕು. ಕೆಳಗಿನ ಗದ್ದೆಗಳೆಲ್ಲ ನಾಟಿಯಾಗಿ ಹಸಿರಾಗಿವೆ. ಕೆರೆ ಬತ್ತಲಿ ಎಂದು ಯಾವ ಬಾಯಲ್ಲಿ ಬೇಡಲಿ? ಏನೂ ತೋಚದೆ, ದೇವರ ಮುಂದೆ ದೀಪ ಹಚ್ಚಿ ಸುಮ್ಮನೆ ಎದ್ದು ಬರುತ್ತೇನೆ.

ಬೈಯುವುದಿದ್ದರೆ ನನಗೆ ಬೈದು ಬರೆಯಿರಿ. ಅಮ್ಮನಿಗೆಂದು ಎರಡು ಸಾಲು ಬೇರೆ ಬರೆಯಿರಿ, ಓದಿ ಹೇಳುತ್ತೇನೆ.

ನಿಮ್ಮ
ರಂಗನಾಯಕಿ

ತಾ. ಕ.: ಕಡೂರಿಗೆ ಹೋಗಿದ್ದೆ ಎಂದದ್ದು ಸುಳ್ಳು. ಮನೆಯಲ್ಲೇ ಇದ್ದೆ. ಅಮ್ಮ ಆ ಮಣ್ಣಿನ ಮೇಲೆ ಕೈಯಿಟ್ಟುಕೊಂಡು, “ನಿಜ ಹೇಳೇ, ಇದು ನಂಗೇ ಅಂತ ತಂದಿಟ್ಟಿದ್ದಾ?” ಎಂದು ಕೇಳಿದರು. ಮೂರು ವರ್ಷದ ನಿಮ್ಮ ಪತ್ರಗಳಲ್ಲಿ ಅವರಿಗೆ ಓದಿ ಹೇಳಲು ಒಂದು ಸಾಲೂ ಸಿಕ್ಕಿರಲಿಲ್ಲ. ಹೌದಮ್ಮಾ ಎಂದುಬಿಟ್ಟೆ. ನೀರು ಹಾಕಿ ಕಲಸಿಕೊಟ್ಟವಳೂ ನಾನೇ.