ಅಕ್ಕನ ತೊಟ್ಟಿಲಿಗೆ ಹಸಿರು ಚೀಟಿ

ಹನ್ನೆರಡನೇ ತಾರೀಖು, ಬುಧವಾರ. ರೆಕಾರ್ಡ್ ಆಗ್ತಿದೆ, ಸರಿ.

ಇವತ್ತು ಅಕ್ಕನ ಮನೆ ಖಾಲಿ ಮಾಡೋಕೆ ನಮ್ಮ ಗುಜರಿ ಕಂಪನಿ ಗಾಡೀನೇ ಹೋಯ್ತು. ಪುಡಿ ಮಾಡೋ ಸಾಮಾನಿಗೆ ಕೆಂಪು ಚೀಟಿ, ಮತ್ತೆ ಬಳಸೋದಕ್ಕೆ ಹಸಿರು. ಅವಳ ತೀರಿಹೋದ ಮಗೂದು ತೊಟ್ಟಿಲಿತ್ತಲ್ಲ, ಅಕ್ಕ ಅದಕ್ಕೆ ಕೆಂಪು ಅಂಟಿಸಿದ್ಲು.

"ಇದ್ರಲ್ಲಿ ಇನ್ನೊಂದು ಮಗು ಮಲಗೋದು ಬೇಡ ಕಣೋ."

ಕೆಲಸದವರ ಮುಂದೆನೇ ಕಿತ್ತು ಹಸಿರು ಅಂಟಿಸ್ದೆ. "ಒಳ್ಳೇ ಮರ ಕಣಕ್ಕ. ನಿನ್ನ ಗೋಳಿಗೋಸ್ಕರ ಪರಿಸರ ಹಾಳು ಮಾಡೋಕಾಗಲ್ಲ."

ಕೈ ಹಿಡ್ಕೊಂಡ್ಲು. ಬಿಡಿಸ್ಕೊಂಡೆ.

ಪರಿಸರ ಗಿರಿಸರ ಎಲ್ಲಾ ಬರೀ ಮಾತು. ಹೋದ ವಾರ ಇದಕ್ಕಿಂತ ಒಳ್ಳೇ ಮಂಚಾನ ಸೋಮಾರಿತನಕ್ಕೆ ಪುಡಿಗೆ ಹಾಕ್ದೆ. ಹುಟ್ಟಿದಾಗಿಂದ ನಾನೇ ಅವಳ ಮುಂದೆ ಕೈಚಾಚಿದ್ದು. ಇವತ್ತು ಅವಳು ಬೇಡ್ಕೊಂಡ್ಲು, ಹಿತವಾಗಿತ್ತು.

ಸಂಜೆ ನಮ್ಮ ಹಳೇ ಸಾಮಾನಿನ ಅಂಗಡೀಲಿ ಒಬ್ಬ ಬಸುರಿ ಅದನ್ನ ತಗೊಂಡ್ಲು. ಸುಮ್ನಿರಬಹುದಿತ್ತು. ಫೋನ್ ಮಾಡಿ ಅಕ್ಕನಿಗೆ ಹೇಳ್ದೆ.

ಅಳ್ಲಿಲ್ಲ, ಬೈಲಿಲ್ಲ. "ಎಷ್ಟು ತಿಂಗಳಂತೆ ಅವಳಿಗೆ?" ಅಂದ್ಲು. ನಾನು ಫೋನ್ ಕಟ್ ಮಾಡ್ಬಿಟ್ಟೆ.