ಇನ್‌ಸ್ಪೆಕ್ಟರ್ ಕೋಟಿಗೆ ಪಿನ್ ಮಾಡಿದ ಕವರ್

ಮಾರ್ಚ್ ೪, ಸೋಮವಾರ. ಬೆಳಿಗ್ಗೆ ೧೧

ಬಾಯ್ಲರ್ ಮತ್ತೆ ಮುನಿಸಿಕೊಂಡಿತು. ಅಣ್ಣ ಅದರ ಮುಂದೆ ಕೂತು ಅರ್ಧ ಗಂಟೆ ಮಾತಾಡಿಸಿದ. ಬೈದರೆ ಆಗುವುದಿಲ್ಲವಂತೆ, ಪುಸಲಾಯಿಸಬೇಕಂತೆ. ನನ್ನನ್ನು ಯಾರಾದರೂ ಹಾಗೆ ಪುಸಲಾಯಿಸಿದ್ದರೆ ಈ ನಲವತ್ತಾರು ವರ್ಷದಲ್ಲಿ ನಾನೂ ಏನೇನೋ ಆಗಿಬಿಡುತ್ತಿದ್ದೆ.

ಅರವತ್ತೆರಡು ಬಟ್ಟೆ. ಒಗೆಯುವುದು ಮೆಷಿನ್, ಇಸ್ತ್ರಿ ಅಣ್ಣ, ಜೇಬು ನೋಡುವುದು ನಾನು. ಹೆಂಡತಿ ಊರಲ್ಲಿಲ್ಲದ ಮೇಷ್ಟ್ರ ಪ್ಯಾಂಟಿನಲ್ಲಿ ಎರಡು ಸಿನಿಮಾ ಟಿಕೆಟ್. ಡಾಕ್ಟರ ಅಂಗಿಯಲ್ಲಿ ಒಂದು ಸೆಟ್ ಹಲ್ಲು, ಅವರದಲ್ಲ. ಎಲ್ಲ ಕವರಿಗೆ ಹಾಕಿದೆ, ಅಂಟಿಸಿದೆ, ಮೇಲೆ ಗಿರಾಕಿಯ ಗುರುತು ಬರೆದೆ. ಬಟ್ಟೆ ಇಸ್ತ್ರಿಯಾದ ಮೇಲೆ ಅದರ ಕವರನ್ನು ಅದಕ್ಕೇ ಪಿನ್ ಮಾಡಿ ಕಳಿಸುತ್ತೇವೆ. ಅಂಟಿಸಿದ ಕವರನ್ನು ಮತ್ತೆ ಬಿಚ್ಚುವ ಹಾಗಿಲ್ಲ, ಸಿಕ್ಕಿದ್ದರ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡುವ ಹಾಗಿಲ್ಲ. ತಾತನ ಕಾಲದಿಂದ ಹೀಗೇ. ಊರೆಲ್ಲ ನಮ್ಮ ಲಾಂಡ್ರಿಗೇ ಬರುವುದು ಈ ಒಂದು ಕಾರಣಕ್ಕೆ, ಇಸ್ತ್ರಿ ಚೆನ್ನಾಗಿದೆ ಅಂತ ಅಲ್ಲ. ಅಣ್ಣನಿಗೆ ಇದನ್ನು ಹೇಳಿಲ್ಲ.

ಮಧ್ಯಾಹ್ನ ೧

ಬಿಳಿಕೋಟಿನವನ ಕೋಟು. ಹೊಸ ಗಿರಾಕಿ, ಎರಡು ತಿಂಗಳಾಯಿತು. ಸಿಗರೇಟು, ಸೆಂಟು, ನಯವಾದ ಮಾತು. ಇಂದು ಕೋಟು ತಂದವನು ಅವನ ಡ್ರೈವರ್. ಒಳಜೇಬಿನ ಹೊಲಿಗೆ ಬಿಟ್ಟಿತ್ತು, ಅಸ್ತರಿನೊಳಗೆ ಏನೋ ಭಾರ ಕೈಗೆ ಸಿಕ್ಕಿತು. ಎರಡು ಬೆರಳು ಹಾಕಿ ಎಳೆದೆ.

ಹಸಿರು ಕಲ್ಲಿನ ಮುದ್ರೆ. ಬೆಂಕಿಪೊಟ್ಟಣದಷ್ಟು. ತಲೆಯ ಮೇಲೆ ಒಂದು ಪುಟ್ಟ ಆಮೆ, ತಳದಲ್ಲಿ ಓದಲಾಗದ ಅಕ್ಷರ. ಅಂಗೈಯಲ್ಲಿ ತಣ್ಣಗೆ ಕೂತಿತು. ಚೆಂದ ಇದೆ. ಚೆಂದ ಇರುವುದೇ ಸರಿ ಕಾಣಲಿಲ್ಲ.

ಕವರಿಗೆ ಹಾಕಿ ಅಂಟಿಸಿದೆ. ಗುರುತು ಬರೆಯಲಿಲ್ಲ. ಡ್ರಾಯರಿನಲ್ಲಿಟ್ಟೆ.

ಮಾರ್ಚ್ ೫, ಮಂಗಳವಾರ. ಬೆಳಿಗ್ಗೆ ೮

ಪೇಪರಿನ ಮೊದಲ ಪುಟದಲ್ಲೇ ಇದೆ, ಆಮೆ ಸಮೇತ. ಭಾನುವಾರ ಮ್ಯೂಸಿಯಂನಿಂದ ಮಂಗಮಾಯ. ಪೂರ್ವದ ಯಾವುದೋ ರಾಜ, ಎಂಟುನೂರು ವರ್ಷದ ಹಿಂದೆ, ಇದನ್ನೊತ್ತಿ ಜನರ ತಲೆ ತೆಗೆಸುತ್ತಿದ್ದನಂತೆ.

ಏನು ಮಾಡಲಿ? ಪೊಲೀಸರಿಗೆ ಹೇಳಿದರೆ ತಾತನ ಕಟ್ಟಳೆ ಮುರಿದ ಹಾಗೆ, ನಾಳೆಯಿಂದ ಅಂಗಡಿಗೆ ಯಾರೂ ಬರುವುದಿಲ್ಲ. ಹೇಳದಿದ್ದರೆ... ಅಣ್ಣನಿಗಂತೂ ಹೇಳುವ ಹಾಗಿಲ್ಲ. ಅವನ ಹೊಟ್ಟೆಯಲ್ಲಿ ಊಟ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಅತ್ತಿಗೆ ತೀರಿಕೊಂಡ ಮೇಲೆ ಆರು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ಮನಸ್ಸು ಬಿಚ್ಚುತ್ತಾನೆ. ಬಾಯ್ಲರಿಗೂ.

ಗುರುವಾರ ಕೋಟಿನ ಡೆಲಿವರಿ. ಅಷ್ಟರಲ್ಲಿ ಯೋಚಿಸಬೇಕು.

ಮಾರ್ಚ್ ೬, ಬುಧವಾರ. ಬೆಳಿಗ್ಗೆ ೧೦.೪೦

ಅಂಗಡಿ ಬಾಗಿಲು ಎಳೆದುಕೊಂಡು ಬರೆಯುತ್ತಿದ್ದೇನೆ.

ಒಂಬತ್ತೂವರೆಗೆ ಬಿಳಿಕೋಟಿನವನು ತಾನೇ ಬಂದ. ಕೋಟಿಲ್ಲದೆ.

"ಮೇಡಂ, ನಮ್ಮ ಡ್ರೈವರ್ ಅವಸರದಲ್ಲಿ ಕೋಟು ತಂದುಕೊಟ್ಬಿಟ್ಟಿದ್ದಾನೆ. ಒಳಗೊಂದು ಸಾಮಾನಿತ್ತು. ನೀವು ಎತ್ತಿಟ್ಟಿರ್ತೀರಿ ಅಂತ ಗೊತ್ತು."

ಕೊಟ್ಟು ಕೈತೊಳೆದುಕೊಳ್ಳೋಣ ಅಂದುಕೊಂಡೆ. ದೇವರಾಣೆ ಹಾಗೇ ಅಂದುಕೊಂಡೆ. ಡ್ರಾಯರ್ ಎಳೆದೆ. ಪಿನ್ನು, ಗುಂಡಿ, ದಾರ. ಕವರ್ ಇಲ್ಲ.

ಅಣ್ಣ ಇಸ್ತ್ರಿ ಮೇಜಿನಿಂದಲೇ ಹಲ್ಲು ಕಿರಿದ. "ಆ ಕವರಾ ಪುಟ್ಟಿ? ಗುರುತು ಬರೆಯೋಕೆ ಮರೆತಿದ್ದೆ ನೀನು. ನಾನಿಲ್ಲದಿದ್ರೆ ಈ ಅಂಗಡಿ ಗತಿ ಏನು! ನೋಡ್ದೆ — ಎಲ್ಲ ಕವರ್‌ಗೂ ಗುರುತಿದೆ, ಇನ್‌ಸ್ಪೆಕ್ಟರ್ ಕೋಟಿಗೆ ಮಾತ್ರ ಕವರೇ ಇಲ್ಲ. ಅವರ ಜೇಬಲ್ಲಿ ಏನೂ ಇಲ್ಲದ ದಿನ ಉಂಟಾ? ಅವರದ್ದೇ ಅಂತ ಪಿನ್ ಮಾಡಿ ನಿನ್ನೆ ಸಂಜೆ ಮನೆಗೆ ಕೊಟ್ಟುಬಂದೆ. ಅವರ ತಾಯಿ ಕೈಗೇ ಕೊಟ್ಟೆ."

ಬಿಳಿಕೋಟಿನವನು ಮೊದಲು ನಕ್ಕ. ಆಮೇಲೆ ನಗಲಿಲ್ಲ.

ಹೊರಗಿಂದ ಇಬ್ಬರು ಬಂದರು. ಅಣ್ಣನ ಎರಡು ತೋಳು ಹಿಡಿದರು. ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೇ ಉಳಿಯಿತು. ಅಣ್ಣ ಕೂಗಿದ್ದು "ಕಾಪಾಡಿ" ಅಂತಲ್ಲ, "ಪುಟ್ಟಿ, ಅಂಗಿ ಸುಡುತ್ತೆ, ಎತ್ತು" ಅಂತ.

"ಪೊಲೀಸ್ ಮನೆಗೆ ನಾನು ಹೋಗೋಕಾಗಲ್ಲ, ಮೇಡಂ. ನೀವು ಹೋಗಿ ಅದನ್ನ ತರಬಹುದು. ಶುಕ್ರವಾರ ಸಂಜೆ ಐದು, ಬಸ್‌ಸ್ಟ್ಯಾಂಡ್ ಹಿಂದಿನ ಪಾರ್ಸೆಲ್ ಆಫೀಸ್. ಇನ್‌ಸ್ಪೆಕ್ಟರ್ ಕಿವಿಗೆ ಬಿತ್ತೋ, ನಿಮ್ಮ ಅಣ್ಣನ್ನ ಮರೆತುಬಿಡಿ."

ಅವರ ಕಾರು ಅಣ್ಣನನ್ನು ಹೊತ್ತು ಹೋಗುವಷ್ಟರಲ್ಲಿ ಅಂಗಿ ಸುಟ್ಟಿತ್ತು. ಬೆನ್ನಿನ ಮೇಲೆ ಕಂದು ತ್ರಿಕೋನ. ಅದನ್ನು ಹಿಡಿದುಕೊಂಡು ಅಳುತ್ತಾ ಕೂತಿದ್ದೆ. ಎಂತಹ ಪೆದ್ದ ನನ್ನಣ್ಣ. ಅವನಿಗೆ ಏನಾದರೂ ಆದರೆ ನಾನು ಬದುಕುವುದಿಲ್ಲ.

ಮಾರ್ಚ್ ೭, ಗುರುವಾರ. ಮಧ್ಯಾಹ್ನ ೨

ಇನ್‌ಸ್ಪೆಕ್ಟರ್ ಮನೆಗೆ ಹೋಗಿಬಂದೆ. ಅವರು ಡ್ಯೂಟಿಗೆ ಹೋಗುವುದನ್ನು ಎದುರಿನ ಔಷಧಿ ಅಂಗಡಿಯಲ್ಲಿ ನಿಂತು ಕಾದೆ. ಬೇಡದ ಕೆಮ್ಮಿನ ಔಷಧಿ ಕೊಂಡೆ.

ತಾಯಿ ಬಾಗಿಲು ತೆಗೆದರು. ಎಪ್ಪತ್ತೈದರ ಆಸುಪಾಸು, ಸಣಕಲು, ಕಣ್ಣು ಚುರುಕು. ಮಗ ಮದುವೆಯಾಗಿಲ್ಲ, ಇಬ್ಬರೇ.

"ಅಮ್ಮ, ಲಾಂಡ್ರಿಯಿಂದ ಬಂದೆ. ಸಾಹೇಬ್ರ ಕೋಟಿನ ಗುಂಡಿ ಒಂದು ಸಡಿಲ ಇತ್ತು..."

"ಯಾವ ಕವರೂ ಬಂದಿಲ್ಲ!"

ನಾನಿನ್ನೂ ಕವರಿನ ಸುದ್ದಿಯನ್ನೇ ಎತ್ತಿರಲಿಲ್ಲ.

ಕೋಟು ತಂದುಕೊಟ್ಟರು. ಗುಂಡಿ ಗಟ್ಟಿಯಾಗಿಯೇ ಇತ್ತು. ಅವರ ಮುಂದೆಯೇ ಕಿತ್ತು ಮತ್ತೆ ಹೊಲಿದೆ, ನಿಧಾನಕ್ಕೆ, ಕಣ್ಣು ಸುತ್ತ ಆಡಿಸುತ್ತಾ. ಮೇಜಿನ ಮೇಲೆ ಮಂಗಳವಾರದ ಪೇಪರ್, ಮೊದಲ ಪುಟದಲ್ಲಿ ಚೌಕಾಕಾರದ ತೂತು. ಆಮೆಯ ಫೋಟೊ ಇದ್ದ ಜಾಗ. ಕಾಫಿ ಕೊಟ್ಟರು, ಅರ್ಧ ತಟ್ಟೆಯಲ್ಲೇ ತುಳುಕಿತ್ತು.

ಅಂದರೆ ಇನ್‌ಸ್ಪೆಕ್ಟರ ಹೆತ್ತ ತಾಯಿಯೇ ಲಪಟಾಯಿಸಿದ್ದಾಳೆ! ಈ ವಯಸ್ಸಿನಲ್ಲಿ! ದಾರಿಯುದ್ದಕ್ಕೂ ಬೈದುಕೊಂಡು ಬಂದೆ.

ಸಂಜೆ ೫.೧೫

ಫೋನು. ಅಣ್ಣ.

"ಪುಟ್ಟಿ, ಚೆನ್ನಾಗಿದ್ದೀನಿ. ಸುಮ್ನೆ ಕೂತು ಏನ್ ಮಾಡ್ಲಿ ಅಂತ ಇವರ ಅಂಗಿಗೆಲ್ಲ ಇಸ್ತ್ರಿ ಹಾಕ್ತಿದ್ದೀನಿ. ಐದು ಜನ ಇದ್ದಾರೆ, ಒಬ್ಬನಿಗೂ ಕಾಲರ್ ಮಡಚೋಕೆ ಬರಲ್ಲ. ಇವರ ಇಸ್ತ್ರಿಪೆಟ್ಟಿಗೆ ತಳ ಬರೀ ಕರಿ. ನಮ್ಮದನ್ನ ಕಳಿಸ್ತೀಯಾ?"

ಹಿಂದೆ ಯಾರೋ ಗದರಿದರು. ಅಣ್ಣನ ದನಿ ಸಣ್ಣದಾಯಿತು.

"ಬೇಗ ಬಾರೇ," ಅಂದ. ಅಷ್ಟಕ್ಕೇ ಕಟ್ಟಾಯಿತು.

ಮಾರ್ಚ್ ೮, ಶುಕ್ರವಾರ. ಮಧ್ಯಾಹ್ನ ೩.೨೦

ಸಿಕ್ಕಿತು. ಕೈಚೀಲದಲ್ಲಿದೆ. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಎರಡು ಗಂಟೆಗೆ ಮತ್ತೆ ಹೋದೆ, ಜಗಳಕ್ಕೇ ತಯಾರಾಗಿ. ಬಾಗಿಲು ತೆಗೆದವರ ಮುಖ ನೋಡಿ ಜಗಳ ಮರೆತುಹೋಯಿತು. ಮೂರು ದಿನದಿಂದ ನಿದ್ದೆ ಮಾಡದ ಮುಖ. ನನ್ನ ಮಣಿಕಟ್ಟು ಹಿಡಿದು ಒಳಗೆ ಎಳೆದುಕೊಂಡರು.

"ನಿಜ ಹೇಳು. ಅದು ಅವನ ಜೇಬಲ್ಲಿ ಸಿಕ್ಕಿತ್ತು ಅಂತ ನಿನಗೆ ಗೊತ್ತು, ಅಲ್ವಾ? ಯಾರಿಗೆ ಹೇಳಿದ್ದೀಯ?"

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ, ಅವರು ಬಿಡಲಿಲ್ಲ.

"ಅವನು ಅಂಥವನಲ್ಲಮ್ಮ. ಯಾವ ಗ್ರಹಚಾರವೋ ಕದ್ದುಬಿಟ್ಟಿದ್ದಾನೆ. ಅಪ್ಪ ಇಲ್ಲದ ಮಗು ಅಂತ ಎಂಟು ಮನೆ ಕೆಲಸ ಮಾಡಿ ಓದಿಸ್ದೆ. ಒಂದು ಪೆನ್ಸಿಲ್ ಸಹ ಬೇರೆಯವರದ್ದು ಮುಟ್ಟಿದವನಲ್ಲ... ನನ್ನ ಮಗನ್ನ ಉಳಿಸು. ನಿನ್ನ ಕಾಲಿಗೆ ಬೀಳ್ತೀನಿ."

ಆಗ ತಿಳಿಯಿತು. ಈಕೆ ಕದ್ದದ್ದಲ್ಲ. ಮಗನ ಕೋಟಿನ ಜೊತೆ ಬಂದ ಕವರ್, ಮಗನ ಜೇಬಿನದ್ದೇ ಅಂತ ನಂಬಿದ್ದಾರೆ. ನಂಬದೆ ಏನು? ನಮ್ಮ ಲಾಂಡ್ರಿ ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪು ಕವರ್ ಕಳಿಸಿಲ್ಲ.

ಒಂದು ಮಾತು ಸಾಕಿತ್ತು. ಅಮ್ಮ, ಅದು ನಿಮ್ಮ ಮಗನದಲ್ಲ. ನಾಲಿಗೆ ತುದಿಗೆ ಬಂದಿತ್ತು. ಗೋಡೆಯ ಗಡಿಯಾರ ನೋಡಿದೆ, ಎರಡು ನಲವತ್ತು. ಆ ಮಾತು ಹೇಳಿದರೆ ಈಕೆ ಖುಷಿಗೆ ಆ ಕ್ಷಣವೇ ಮಗನಿಗೆ ಫೋನ್ ಮಾಡುತ್ತಾರೆ. ಯಾವ ತಾಯಿಯಾದರೂ ಮಾಡುತ್ತಾಳೆ. ಐದಕ್ಕೆ ಮೊದಲೇ ಜೀಪುಗಳು, ಸೀಟಿಗಳು. ಆಮೇಲೆ ಅಣ್ಣ?

"ಯಾರಿಗೂ ಹೇಳಿಲ್ಲಮ್ಮ," ಅಂದೆ. "ಹೇಳೋದೂ ಇಲ್ಲ. ನನ್ನ ಕೈಗೆ ಕೊಡಿ. ಅದು ಇದ್ದ ಜಾಗಕ್ಕೆ ಸೇರೋ ಹಾಗೆ ನಾನು ನೋಡ್ಕೋತೀನಿ. ಮಗನ ಹತ್ತಿರ ಮಾತ್ರ ಈ ವಿಷಯ ಎತ್ತಬೇಡಿ."

ಸೋಪಿನ ಪುಡಿಯ ಡಬ್ಬದಿಂದ ತೆಗೆದುಕೊಟ್ಟರು. ನನ್ನ ಎರಡು ಕೈಯನ್ನೂ ಕಣ್ಣಿಗೆ ಒತ್ತಿಕೊಂಡರು.

ನನ್ನಷ್ಟು ಕೆಟ್ಟವಳು ಈ ಬಸ್ಸಿನಲ್ಲಿ ಬೇರೆ ಯಾರೂ ಇಲ್ಲ.

ಸಂಜೆ ೬.೩೦

ಅಣ್ಣ ಮನೆಯಲ್ಲಿದ್ದಾನೆ. ಇಡೀ ಇದ್ದಾನೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ.

ಪಾರ್ಸೆಲ್ ಆಫೀಸಿನ ಹಿಂದೆ ಕಾರು. ಬಿಳಿಕೋಟಿನವನು ಮುದ್ರೆಯ ಮೇಲಿದ್ದ ಸೋಪಿನ ಪುಡಿ ಊದಿದ, ಸೀನಿದ. ನನಗೆ ನಗು ಬಂತು, ಭಯಕ್ಕೆ. ಅಣ್ಣ ಕಾರಿಂದ ಇಳಿದವನು ಹೊರಡುವ ಬದಲು ಒಬ್ಬನಿಗೆ ತೋಳು ಹೇಗೆ ಮಡಚಬೇಕು ಅಂತ ಕೊನೆಯ ಸಲ ಹೇಳಿಕೊಡುತ್ತಿದ್ದ. ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

"ಬಾಯಿ ಬಿಟ್ರೆ ಮುಂದಿನ ಸಲ ಅಣ್ಣ ವಾಪಸ್ ಬರಲ್ಲ, ಮೇಡಂ." ಎಷ್ಟು ಮೆತ್ತಗೆ ಹೇಳಿದ!

ಮಾರ್ಚ್ ೧೫, ಶುಕ್ರವಾರ. ಬೆಳಿಗ್ಗೆ ೧೧.೩೦

ವಾರವಿಡೀ ಬರೆಯಲಿಲ್ಲ. ಏನೂ ಆಗದ ಹಾಗೆ ಇರಲು ನೋಡಿದೆ.

ಇಂದು ಇನ್‌ಸ್ಪೆಕ್ಟರೇ ಬಟ್ಟೆ ತಂದರು. ಯಾವತ್ತೂ ಬಂದವರಲ್ಲ. ಕೌಂಟರಿನ ಮೇಲೆ ಎರಡು ಕೈಯೂರಿ ನಿಂತರು.

"ನೀವು ಹೋದ ವಾರ ನಮ್ಮನೆಗೆ ಎರಡು ಸಲ ಬಂದಿದ್ರಂತೆ. ಔಷಧಿ ಅಂಗಡಿಯವನು ಹೇಳ್ದ."

"ಗುಂಡಿ ಹಾಕೋಕೆ, ಸಾರ್."

"ಎರಡು ಸಲವೂ?"

"ಎರಡು ಗುಂಡಿ ಸಾರ್."

ಅವರು ನನ್ನನ್ನೇ ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ಆ ದೊಡ್ಡ ಆಳು ಸ್ಟೂಲ್ ಎಳೆದು ಕೂತುಬಿಟ್ಟರು.

"ಅಮ್ಮ ನನ್ನ ಮುಖ ನೋಡ್ತಿಲ್ಲ. ಊಟ ಬಡಿಸ್ತಾರೆ, ಒಳಗೆ ಹೋಗ್ತಾರೆ. ಪೇಪರ್ ತೆಗೆದ್ರೆ ಕಣ್ಣಲ್ಲಿ ನೀರು. ಆ ಮುದ್ರೆ ಕೇಸ್ ನನಗೇ ಕೊಟ್ಟಿದ್ದಾರೆ, ಅದು ಬೇರೆ ತಲೆ ತಿಂತಿದೆ. ಕೇಸ್ ವಿಷಯ ಎತ್ತಿದ್ರೆ ಅಮ್ಮ ಕಿವಿ ಮುಚ್ಕೋತಾರೆ. ನಿಮ್ಮ ಹತ್ರ ಏನಾದ್ರೂ ಹೇಳ್ಕೊಂಡ್ರಾ? ಹುಷಾರಿಲ್ವಾ ಅವರಿಗೆ?"

"ಇಲ್ಲ ಸಾರ್. ಏನೂ ಹೇಳಲಿಲ್ಲ."

ಹೋದರು. ಕೋಟಿನ ಜೇಬು ನೋಡಿದೆ. ಅವರು ತಮ್ಮ ಜೇಬಿಗೆ ಕೈ ಹಾಕುವವರೇ ಅಲ್ಲ, ಅದಕ್ಕೇ ಪ್ರತಿ ಸಲ ಏನಾದರೊಂದು ಇರುತ್ತದೆ. ಈ ಸಲ ನಾಲ್ಕು ಮಡಿಕೆಯ ಒಂದು ಚೀಟಿ. ಮೂವತ್ತು ವರ್ಷದಲ್ಲಿ ಒಬ್ಬರ ಕಾಗದವನ್ನೂ ಓದಿದವಳಲ್ಲ. ಓದಿದೆ. ವಯಸ್ಸಾದ ಅಕ್ಷರ.

"ಮಗನೇ, ಎದುರು ನಿಂತು ಹೇಳಲಾರೆ. ನೀನು ಮಾಡಿದ್ದು ನನಗೆ ಗೊತ್ತಾಗಿದೆ. ಹೋಗಿ ಒಪ್ಪಿಕೋ. ಒಬ್ಬನೇ ಹೋಗಬೇಡ, ನಾನೂ ಜೊತೆಗೆ ಬರುತ್ತೇನೆ."

ಇದನ್ನು ಕಟ್ಟಳೆ ಪ್ರಕಾರ ಕವರಿಗೆ ಹಾಕಿ ಪಿನ್ ಮಾಡಿ ಕಳಿಸಿದರೆ ಬಿಚ್ಚುವವರು ಆ ತಾಯಿಯೇ. ಮಗ ಓದಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಓದಿಯೂ ಸುಮ್ಮನಿದ್ದಾನೆ ಅಂದುಕೊಳ್ಳುತ್ತಾರೆ.

ಕವರಿಗೆ ಅಂಟು ಹಚ್ಚಿದೆ. ಹಚ್ಚಿದ್ದು ಒಣಗಿತು. ಮತ್ತೆ ಹಚ್ಚಲಿಲ್ಲ.

ಮಾರ್ಚ್ ೧೭, ಭಾನುವಾರ. ಸಂಜೆ ೪

ಅಣ್ಣನಿಗೆ ಎಲ್ಲ ಹೇಳಿದೆ. ಮುದ್ರೆ ಯಾವುದು, ಆ ತಾಯಿಗೆ ನಾನು ಏನು ಮಾಡಿದೆ, ಈಗ ಹೇಳಿದರೆ ಏನಾಗುತ್ತದೆ. ಕದ್ದ ಮಾಲನ್ನು ಕಳ್ಳನ ಕೈಗೆ ನಾನೇ ಒಪ್ಪಿಸಿದ್ದೇನೆ, ನನಗೂ ಜೈಲು ಆಗಬಹುದು. ಅಂಗಡಿ ಮುಚ್ಚಬಹುದು. ಬಿಳಿಕೋಟಿನವನು ಮತ್ತೆ ಬರಬಹುದು.

ಅಣ್ಣ ತುಂಬ ಹೊತ್ತು ಮಾತೇ ಆಡಲಿಲ್ಲ. ನನಗೆ ಗೊತ್ತಿರುವ ಹಾಗೆ ಇದೇ ಮೊದಲು.

"ಪಿನ್ ಮಾಡಿದ್ದು ನಾನು," ಅಂದ ಕೊನೆಗೆ. "ನಿನ್ನೊಬ್ಬಳನ್ನೇ ಕಳಿಸ್ತೀನಾ? ಆ ಐದು ಜನರದ್ದೂ ಕಾಲರ್ ಸೈಜ್, ತೋಳಿನ ಉದ್ದ ಎಲ್ಲ ಬಾಯಿಪಾಠ ಇದೆ ನನಗೆ. ಒಬ್ಬನ ಎಡಗೈ ಬಲಗೈಗಿಂತ ಗಿಡ್ಡ. ಪೊಲೀಸ್‌ನವರಿಗೆ ಅಷ್ಟು ಸಾಲದಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಆಯಿತು.

ಮಾರ್ಚ್ ೧೮, ಸೋಮವಾರ. ಬೆಳಿಗ್ಗೆ ೮.೧೦

ಇನ್‌ಸ್ಪೆಕ್ಟರ್ ಮನೆಯ ಹೊರಗೆ, ಕಲ್ಲು ಬೆಂಚಿನ ಮೇಲೆ. ಜೀಪು ನಿಂತಿದೆ, ಅಂದರೆ ಅವರೂ ಇದ್ದಾರೆ. ಅಣ್ಣ ಪಕ್ಕದಲ್ಲಿ, ತನ್ನ ಒಳ್ಳೆಯ ಅಂಗಿ ಹಾಕಿಕೊಂಡು. ಎರಡು ಸಲ ಬೆಲ್ ಒತ್ತಿದ್ದಾಯಿತು.

ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದೆ. ಮೊದಲು ಕ್ಷಮೆ ಕೇಳುವುದು, ಆಮೇಲೆ ಲಾಂಡ್ರಿ ಕಟ್ಟಳೆ, ಆಮೇಲೆ ಡ್ರಾಯರ್, ಪಿನ್ನು... ಬೇಡ. ಅಷ್ಟು ಹೊತ್ತು ಆ ತಾಯಿಯನ್ನು ಕಾಯಿಸಬಾರದು. ಹದಿಮೂರು ದಿನ ಕಾದಿದ್ದಾರೆ. ಅವರಿಗೆ ಬೇಕಾದ ಮಾತನ್ನೇ ಮೊದಲು ಹೇಳಬೇಕು, ಮಗನ ಎದುರಿಗೇ. ಜೈಲು ಗೀಲು ಆಮೇಲೆ.

ಚಪ್ಪಲಿಯ ಸದ್ದು. ನಿಧಾನ. ಅವರದ್ದೇ.

ಅಮ್ಮ, ನಿಮ್ಮ ಮಗ...